ಡ್ರೆಸ್ಸರ್ ತಾತನ ಕೈ, ಡ್ರೆಸ್ಸರ್ ತಾತನ ಬಾಯಿ

ಡ್ರೆಸ್ಸರ್ ತಾತನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಹಳೆಯ ಹುಣಸೆಹಣ್ಣಿನ ಬಣ್ಣಕ್ಕಿದ್ದವು. ಅದು ಬೀಡಿಯ ಕಲೆ ಎಂದು ನಮ್ಮಕ್ಕ ಹೇಳುತ್ತಿದ್ದಳು. ಟಿಂಕ್ಚರ್ ಅಯೋಡಿನ್‌ನಲ್ಲಿ ಜೀವಮಾನವೆಲ್ಲ ಅದ್ದಿ ಅದ್ದಿ ಬಂದ ಬಣ್ಣ, ಅದು ಸಾಯುವವರೆಗೂ ಹೋಗುವುದಿಲ್ಲ ಎಂದು ತಾತ ಎದೆಯುಬ್ಬಿಸುತ್ತಿದ್ದ. ಆ ಎರಡು ಬೆರಳು ನನ್ನ ತಲೆಯ ಮೇಲೆ ಓಡಾಡಿದ್ದು ಒಂಬತ್ತು ದಿನ. ಹೂವಿನ ಮೇಲೆ ಚಿಟ್ಟೆ ಕೂತೆದ್ದ ಹಾಗೆ ಓಡಾಡಿದವು. ಅಷ್ಟೂ ದಿನ ಆತನ ಬಾಯಿ ಮಾತ್ರ ನನ್ನನ್ನು, ನನ್ನ ತಲೆಯನ್ನು, ಆ ತಲೆ ಹೊತ್ತ ವಂಶವನ್ನು ಬೈಯುತ್ತಲೇ ಇತ್ತು.

ಆತ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದವನು. ಗಾಯ ತೊಳೆಯುವುದು, ಮುಲಾಮು ಹಚ್ಚುವುದು, ಪಟ್ಟಿ ಕಟ್ಟುವುದು, ಡಾಕ್ಟರು ಊಟಕ್ಕೆ ಹೋಗಿದ್ದರೆ ಹೊಲಿಗೆಯನ್ನೂ ಹಾಕಿಬಿಡುವುದು. ಕಾಗದದ ಮೇಲೆ ಕಾಂಪೌಂಡರಿಗಿಂತ ಒಂದು ಮೆಟ್ಟಿಲು ಕೆಳಗೆ. ಸ್ವಂತ ಅಭಿಪ್ರಾಯದಲ್ಲಿ ಸಿವಿಲ್ ಸರ್ಜನ್ನಿಗಿಂತ ಎರಡು ಮೆಟ್ಟಿಲು ಮೇಲೆ. ಗಣಿ ಮುಚ್ಚಿತು, ಆಸ್ಪತ್ರೆಯ ಕೆಲಸ ಹೋಯಿತು, ಹೆಂಡತಿ ತೀರಿಕೊಂಡಳು, ಒಬ್ಬಳೇ ಮಗಳು ಮದುವೆಯಾಗಿ ಕಾಮಸಮುದ್ರಕ್ಕೆ ಹೋದಳು. ಮೈಸೂರು ಮೈನ್ಸಿನ ಕಾರ್ಮಿಕರಿಗೆಂದು ಕಟ್ಟಿದ್ದ ಹಳೆಯ ಲೈನು ಮನೆಗಳ ಸಾಲಿನಲ್ಲಿ, ನಮ್ಮಕ್ಕನ ಮನೆಯ ಪಕ್ಕದ ಗೋಡೆಗೆ, ತಾತ ಉಳಿದ. ಜೊತೆಗೆ ಆತನ ಬಾಯಿಯೂ ಉಳಿಯಿತು.

ನನ್ನ ವಿಷಯ ಹೇಳಿಕೊಳ್ಳುವುದಕ್ಕೆ ಹೇಸಿಗೆಯಾಗುತ್ತದೆ, ಆದರೂ ಹೇಳಬೇಕು. ಬಂಗಾರಪೇಟೆಯಲ್ಲಿ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಬೋಳುತಲೆಯವನಿಗೆ ದೇವರು ಕೊಡಬಾರದ ಕಸುಬು ಯಾವುದಾದರೂ ಇದ್ದರೆ ಅದೇ. ತಟ್ಟೆಯಲ್ಲಿ ನನ್ನ ತಲೆ, ತಂಬಿಗೆಯಲ್ಲಿ ನನ್ನ ತಲೆ, ಬಿಂದಿಗೆಯಲ್ಲಿ ಕುಂಬಳಕಾಯಿಯಷ್ಟು ದಪ್ಪವಾಗಿ ನನ್ನ ತಲೆ. ಮೂವತ್ತೆಂಟು ತುಂಬಿತ್ತು. ನಾಲ್ಕು ಮನೆಗೆ ಹೆಣ್ಣು ನೋಡಲು ಹೋಗಿ ನಾಲ್ಕು ಮನೆಯ ಉಪ್ಪಿಟ್ಟು ತಿಂದು ಬಂದಿದ್ದೆ. ನಾಲ್ಕನೆಯ ಮನೆಯ ಹುಡುಗಿ ಒಳಗಿನಿಂದ ತಾಯಿಯನ್ನು ಕೇಳಿದ್ದು ನಮಗೆ ಹೊರಗೆ ಸ್ಪಷ್ಟವಾಗಿ ಕೇಳಿಸಿತು: "ಗಂಡಿನ ಅಪ್ಪ ಬಂದವ್ರೆ, ಗಂಡೆಲ್ಲಮ್ಮಾ?" ನಮ್ಮಪ್ಪ ತೀರಿಕೊಂಡು ಆಗಲೇ ಹದಿನಾರು ವರ್ಷವಾಗಿತ್ತು.

ಐದನೆಯ ಮನೆಗೆ ಆ ತಲೆ ಹೊತ್ತು ಹೋಗಬಾರದೆಂದು ಹಟ ಹುಟ್ಟಿತು. ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಕೂದಲು ನಾಟಿ ಮಾಡಿಸಿಕೊಂಡೆ. ಹಿಂದಲೆಯಿಂದ ಒಂದೊಂದೇ ಬೇರು ಕಿತ್ತು, ಮುಂದಲೆಯಲ್ಲಿ ಸೂಜಿಯ ಮೊನೆಯಷ್ಟು ತೂತು ಮಾಡಿ ಊರುವ ಕೆಲಸ. ಬೆಳಿಗ್ಗೆ ಮಲಗಿದವನು ಸಂಜೆ ಎದ್ದೆ. ಕೈಗೆ ಒಂದು ಹಾಳೆ ಕೊಟ್ಟರು. ಹತ್ತು ದಿನ ತಲೆ ಮುಟ್ಟಬೇಡಿ, ಬಗ್ಗಬೇಡಿ, ಬಿಸಿಲಿಗೆ ಹೋಗಬೇಡಿ, ಒರಗಿಕೊಂಡೇ ಮಲಗಿ, ಅರ್ಧ ಗಂಟೆಗೊಮ್ಮೆ ಸಲೈನ್ ನೀರು ಚಿಮುಕಿಸಿ. ಹತ್ತು ದಿನ ಕಾಪಾಡಿದರೆ ಬೇರು ಹಿಡಿಯುತ್ತದೆ, ಕಾಪಾಡದಿದ್ದರೆ ನಮ್ಮ ಜವಾಬ್ದಾರಿಯಲ್ಲ. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು.

ಬಂಗಾರಪೇಟೆಗೆ ಹೋದರೆ ಬಜಾರಿಗೆ ಬಜಾರೇ ನೋಡಲು ಬರುತ್ತದೆ. ಹಾಗಾಗಿ ನೇರ ಅಕ್ಕನ ಮನೆ ಸೇರಿದೆ. ಮರುದಿನ ಬೆಳಿಗ್ಗೆ ಹಜಾರದಲ್ಲಿ ಮೂರು ದಿಂಬಿಗೆ ಒರಗಿ, ತಿರುಪತಿ ಲಾಡಿನ ಮೇಲೆ ಗೋಡಂಬಿ ಚುಚ್ಚಿದ ಹಾಗಿದ್ದ ತಲೆ ಹೊತ್ತು ಕೂತಿದ್ದೆ. ಗೋಡೆಯಾಚೆಯಿಂದ ತಾತ ಕಾಫಿಗೆಂದು ಬಂದ. ಬಾಗಿಲಲ್ಲೇ ನಿಂತ.

"ಏಮಿರಾ ಇದಿ? ಯಾರ್ಲಾ ಒಡ್ದಿದ್ದು?"

"ಯಾರೂ ಹೊಡೆದಿಲ್ಲ ತಾತಾ. ನಾನೇ ಮಾಡಿಸ್ಕೊಂಡು ಬಂದಿದ್ದೀನಿ. ಕೂದಲು."

ತಾತ ಹತ್ತಿರ ಬಂದು, ಕೈ ಬೆನ್ನಿಗೆ ಕಟ್ಟಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ.

"ನಮ್ ಕಾಲ್ದಾಗೆ ತಲೆ ಮ್ಯಾಲೆ ಕಲ್ಲು ಬಿದ್ದೋರ್ನ ಒತ್ಕೊಂಡು ಬರೋರು. ಒಬ್ನಾದ್ರೂ ತಾನಾಗೇ ಓಗಿ ತೂತು ಮಾಡ್ಸ್ಕೊಂಡು ಬಂದೋನ್ನ ನೋಡಿರ್ಲಿಲ್ಲ. ಥೂ! ಇದ್ನ ನೋಡಾಕಾ ದೇವ್ರು ನನ್ನ ಇಷ್ಟು ದಿನ ಮಡಗಿದ್ದು?"

ನನಗೂ ಸಿಟ್ಟು ಬಂತು. ಬೀಡಿ ವಾಸನೆಯ ಮುದುಕ, ಓದಿದ್ದು ಮೂರನೆಯ ಕ್ಲಾಸು, ಇವನೇನು ನನಗೆ ಹೇಳುವುದು ಎಂದುಕೊಂಡೆ. ನನ್ನ ತಲೆ ನೋಡಿಕೊಳ್ಳಲು ಬೆಂಗಳೂರಿನ ಕ್ಲಿನಿಕ್ಕಿನವರಿದ್ದರು, ವಾಟ್ಸಾಪಿನಲ್ಲಿ ಒಬ್ಬಳು ಹುಡುಗಿ ಹಗಲೆಲ್ಲ ಸಿಗುತ್ತಿದ್ದಳು.

ಮೂರನೆಯ ದಿನ ಹಣೆ ಊದಿತು. ಮಧ್ಯಾಹ್ನದ ಹೊತ್ತಿಗೆ ಊತ ಕಣ್ಣಿಗಿಳಿದು ರೆಪ್ಪೆಗಳು ಹೋಳಿಗೆಯ ಹಾಗೆ ಮುಚ್ಚಿಕೊಂಡವು. ಅಕ್ಕ ಫೋಟೋ ತೆಗೆದು ಕಳಿಸಿದಳು. ಕ್ಲಿನಿಕ್ಕಿನ ಹುಡುಗಿ ಕೈಮುಗಿದ ಚಿತ್ರವೊಂದನ್ನು ಹಾಕಿ, "ನಾರ್ಮಲ್ ಸರ್, ಡೋಂಟ್ ವರಿ" ಎಂದು ಬರೆದಳು. ಅಕ್ಕ ಇನ್ನೊಂದು ಫೋಟೋ ಕಳಿಸಿದಳು. ಮತ್ತೆ ನಾರ್ಮಲ್. ತಲೆಯನ್ನೇ ಕತ್ತರಿಸಿ ತಟ್ಟೆಯಲ್ಲಿಟ್ಟು ಫೋಟೋ ಕಳಿಸಿದ್ದರೂ ಆ ಹುಡುಗಿಯಿಂದ ಬರುತ್ತಿದ್ದುದು ಅದೊಂದೇ ಮಾತು. ಅಕ್ಕ ಫೋನು ಎಸೆದು ಗೋಡೆ ಬಡಿದಳು.

ತಾತ ಬಂದ. ನನಗೆ ಕಾಣಿಸಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು.

"ತಾತಾ, ಇವನಿಗೆ ಕಣ್ಣು ಓಯ್ತು," ಅಕ್ಕ ಅತ್ತಳು.

"ಓಗಿದ್ರೆ ಒಳ್ಳೇದಿತ್ತು. ಕನ್ನಡಿ ನೋಡೋ ರೋಗ ಅಲ್ಲಿಗೇ ವಾಸಿ ಆಗೋದು," ಎಂದ. ಆಮೇಲೆ ಅವಳಿಗೆ, "ಅಳ್ಬ್ಯಾಡ ಕಣಮ್ಮಾ. ತಲೇಗೆ ಆಕಿದ್ ಸೂಜಿ ನೀರು ಇಳೀತಾದೆ ಅಷ್ಟೇ. ಮೇಲಿದ್ದದ್ದು ಕೆಳಗೆ ಬರ್ದೆ ಇನ್ನೆಲ್ಲಿಗೆ ಓಯ್ತದೆ? ನಾಳಿದ್ದಿಗೆ ಇಳೀತದೆ. ಒಂದು ಮಲ್ ಬಟ್ಟೆ ಕೊಡು, ಬಿಸಿನೀರು ಕಾಯ್ಸು."

ಅವತ್ತು ಮೊದಲ ಸಲ ಆತನ ಕೆಲಸ ಕೇಳಿಸಿಕೊಂಡೆ. ಕಣ್ಣು ಮುಚ್ಚಿದವನಿಗೆ ಕೇಳಿಸುವುದೇ ತಾನೇ? ಕೈ ತೊಳೆಯುವುದಕ್ಕೆ ಆತ ತೆಗೆದುಕೊಂಡ ಹೊತ್ತಿನಲ್ಲಿ ನಾವು ಸ್ನಾನ ಮುಗಿಸುತ್ತೇವೆ. ಮೊಣಕೈವರೆಗೂ ಸೋಪು, ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ನೂರು ಎಣಿಸುವುದು, ಆಮೇಲೆ ಒರೆಸಿಕೊಳ್ಳದೆ ಕೈ ಮೇಲೆತ್ತಿ ಆರಿಸಿಕೊಳ್ಳುವುದು. ನಾಟಿ ಮಾಡಿದ ಜಾಗಕ್ಕೆ ಎರಡು ಬೆರಳು ಕೆಳಗೆ, ಹುಬ್ಬಿನ ಮೇಲೆ, ಬಟ್ಟೆಯ ಪಟ್ಟಿ ಸುತ್ತಿದ. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. "ಬಗ್ಬ್ಯಾಡ. ಚಪ್ಲಿ ಆಕ್ಕೊಳ್ಳಾಕೂ ಬಗ್ಬ್ಯಾಡ. ಅಂಗೇ ಮಾರಾಜನಂಗೆ ಕೂತಿರು. ಮಾಡಿರೋ ಗನಂದಾರಿ ಕೆಲ್ಸಕ್ಕೆ ಸಿಂಹಾಸನ ಒಂದು ಕಮ್ಮಿ ನಿಂಗೆ."

ಊತ ಆತ ಹೇಳಿದ ದಿನಕ್ಕೇ ಇಳಿಯಿತು. ಅಲ್ಲಿಂದ ನನ್ನ ತಲೆ ಆತನ ಆಸ್ತಿಯಾಯಿತು. ಕ್ಲಿನಿಕ್ಕಿನ ಹಾಳೆಯನ್ನು ಅಕ್ಕನಿಂದ ಓದಿಸಿಕೊಂಡು, ಒಂದೊಂದು ಸಾಲಿಗೂ ಮೂಗು ಮುರಿದು, ಒಂದೊಂದು ಸಾಲನ್ನೂ ತಪ್ಪದೆ ಪಾಲಿಸಿದ. ತಲೆ ತೊಳೆಯಲು ಷವರ್ ಕೂಡದು ಎಂದಿತ್ತು. "ನಮ್ ಲೈನಾಗೆ ನಲ್ಲೀಲೇ ನೀರು ಬರಲ್ಲ, ಷವರಂತೆ ಷವರು," ಎಂದು ಉಗಿದು, ಖಾಲಿ ಸಲೈನ್ ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಕಾಯಿಸಿ ಆರಿಸಿದ ನೀರು ತುಂಬಿ, ಅದರ ಕೊಳವೆಯಿಂದ ತೊಟ್ಟು ತೊಟ್ಟಾಗಿ ನನ್ನ ತಲೆಗೆ ಬಿಡುತ್ತಿದ್ದ. ಮಕ್ಕಳ ಶಾಂಪೂವನ್ನು ಅಂಗೈಯಲ್ಲಿ ನೊರೆ ಮಾಡಿ ಆ ನೊರೆಯನ್ನು ಮಾತ್ರ ಇಳಿಸುತ್ತಿದ್ದ. ಬೆರಳು ತಾಗಿತೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಗಾಳಿಯ ದಿನಗಳು ಅವು. ಚಿನ್ನ ಸೋಸಿ ಉಳಿದ ಪುಡಿ ಸುರಿದಿದ್ದ ಸೈನೈಡ್ ದಿಬ್ಬದಿಂದ ಬೂದಿ ಧೂಳು ಎದ್ದು ಬರುತ್ತಿತ್ತು. ಕಿಟಕಿಗೆ ಒದ್ದೆ ಸೀರೆ ಕಟ್ಟಿಸಿದ. ಅದು ಒಣಗಿದ್ದು ಕಂಡರೆ ಅಕ್ಕನಿಗೂ ಬೈಗುಳ ಬೀಳುತ್ತಿತ್ತು. ಅವಳು ಕೊಟ್ಟ ಕಾಫಿ ಕುಡಿದು, "ಇದೂ ಆ ದಿಬ್ಬದಿಂದ್ಲೇ ತಂದಿದ್ದೇನಮ್ಮಾ?" ಎಂದು ಕೇಳುತ್ತಿದ್ದ. ಕೇಳಿ, ಇನ್ನೊಂದು ಲೋಟ ಹಾಕಿಸಿಕೊಳ್ಳುತ್ತಿದ್ದ.

ಗೋಡೆಯ ಕನ್ನಡಿಯನ್ನು ಮೊದಲ ದಿನವೇ ತಿರುಗಿಸಿಟ್ಟಿದ್ದ. ಒಂದು ಸಲ ನಾನು ಊಟದ ತಟ್ಟೆಯಲ್ಲಿ ತಲೆ ನೋಡಿಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದೆ.

"ಅನ್ನ ತಿನ್ನೋ ತಟ್ಟೇಲಿ ಏನ್ಲಾ ಹುಡುಕ್ತೀಯಾ?"

"ಏನಿಲ್ಲ ತಾತಾ."

"ಅದೇ ನಾನೂ ಏಳ್ತಿರೋದು. ಅಲ್ಲಿ ಏನೂ ಇಲ್ಲ. ತಲೆ ಮ್ಯಾಲೂ ಇಲ್ಲ, ಒಳಗೂ ಇಲ್ಲ."

ಆರನೆಯ ದಿನ ಶ್ರಾವಣ ಶನಿವಾರ. ನಮ್ಮ ಮನೆತನದ ದೇವರು ವೆಂಕಟರಮಣ. ಶ್ರಾವಣ ಶನಿವಾರ ಗುಡಿಗೆ ಹೋಗದೆ ನಮ್ಮ ಮನೆಯಲ್ಲಿ ಯಾರೂ ನೀರು ಮುಟ್ಟಿದವರಲ್ಲ. ತಾತ ರೇಷನ್ ಅಂಗಡಿಯ ಸಾಲಿಗೆ ಹೋಗಿದ್ದ. ಅಕ್ಕ, "ಸಡಿಲದ ಟೋಪಿ ಹಾಕ್ಕೊಂಡು ಓಗಿ ಕೈಮುಕ್ಕೊಂಡು ಬಂದ್ಬಿಡು, ಬೇರು ಹಿಡೀಲಿ ಅಂತ ಬೇಡ್ಕೊ," ಎಂದಳು. ಹೊರಟೆ. ಊರಾಚೆಯ ಗುಡಿ; ಜನ ಹೆಚ್ಚಿರಲಿಲ್ಲ. ದೇವರ ಮುಂದೆ ಟೋಪಿ ಹಾಕಿಕೊಂಡು ನಿಲ್ಲುವುದುಂಟೇ? ತೆಗೆದೆ. ತೀರ್ಥ ಕೊಟ್ಟರು, ಕುಡಿದೆ. ತುಳಸಿ ಕೊಟ್ಟರು, ಕಿವಿಗಿಟ್ಟುಕೊಂಡೆ. ಆಮೇಲೆ ಬಂತು ಶಠಾರಿ. ಸ್ವಾಮಿಯ ಪಾದದ ಗುರುತಿರುವ, ಬೋರಲು ಬಟ್ಟಲಿನಂಥ ಬೆಳ್ಳಿ ಕಿರೀಟ ಅದು; ಭಕ್ತರ ತಲೆಗೆ ಮುಟ್ಟಿಸಿ ಹರಸುತ್ತಾರೆ. ಹುಟ್ಟಿದಾಗಿನಿಂದ ಆ ಕಿರೀಟ ಹತ್ತಿರ ಬಂದರೆ ತಲೆ ತಾನಾಗಿ ಬಗ್ಗುತ್ತದೆ. ಬಗ್ಗಿತು. ಅರ್ಚಕರು ಯಾರ ತಲೆಯನ್ನೂ ನೋಡುವವರಲ್ಲ. ಮುಂದಿನ ತಟ್ಟೆಯ ತೆಂಗಿನಕಾಯಿ ನೋಡುತ್ತ ಠಣ್ಣನೆ ಇಟ್ಟರು. ಇಟ್ಟು, ವಾಡಿಕೆಯಂತೆ ಒಂದಿಷ್ಟು ಒತ್ತಿದರು.

ಕಣ್ಣಿನ ಮುಂದೆ ಬೆಳ್ಳಿಯ ನಕ್ಷತ್ರ ಹಾರಿದವು. ಹಣೆಯ ಮೇಲೆ ರಕ್ತ ಬೆಚ್ಚಗೆ ಇಳಿಯಿತು. ಕಿರುಚಿ ತೂರಾಡಿದೆ. ಹಿಂದೆ ನಿಂತಿದ್ದ ಹೆಂಗಸು, "ಅಯ್ಯೋ, ಸ್ವಾಮಿ ಮೈಮೇಲೆ ಬಂದ್ರು!" ಎಂದು ಕೈಮುಗಿದಳು.

ಆಟೋದಲ್ಲಿ ಮನೆಗೆ ಬಂದಾಗ ತಾತ ಸೀಮೆಎಣ್ಣೆ ಡಬ್ಬ ಹಿಡಿದು ಬಾಗಿಲಲ್ಲೇ ಇದ್ದ. ಡಬ್ಬ ಕೆಳಗಿಟ್ಟು ಕೈ ತೊಳೆಯಲು ಓಡಿದ. ಹನ್ನೊಂದು ದಿನದಲ್ಲಿ ಆತ ಬೈಯದೆ ಇದ್ದದ್ದು ಆ ಕಾಲು ಗಂಟೆ ಮಾತ್ರ. ಅದರಿಂದಲೇ ನನಗೆ ಹೆದರಿಕೆ ಹುಟ್ಟಿತು. ಕುಕ್ಕರಿನಲ್ಲಿ ಬೇಯಿಸಿಟ್ಟ ಅರಿವೆಯನ್ನು ಸಲೈನಿನಲ್ಲಿ ಅದ್ದಿ ರಕ್ತ ಬರುವ ಜಾಗದ ಮೇಲೆ ಇಟ್ಟು, ಅಂಗೈ ಊರಿ ನಿಂತ. ಎತ್ತಲಿಲ್ಲ, ಉಜ್ಜಲಿಲ್ಲ, ಇಣುಕಲಿಲ್ಲ. ಅಕ್ಕ ಗಡಿಯಾರ ನೋಡುತ್ತಿದ್ದಳು. ನಾನು ಮಗುವಿನ ಹಾಗೆ ಅಳುತ್ತಿದ್ದೆ. ಐದನೆಯ ಮನೆ, ಉಪ್ಪಿಟ್ಟು, ಬಿಂದಿಗೆಯಲ್ಲಿ ಕಾಣುವ ಕುಂಬಳಕಾಯಿ, ಎಲ್ಲವೂ ಆ ಅಂಗೈ ಕೆಳಗಿತ್ತು.

ಕೊನೆಗೆ ಅರಿವೆಯನ್ನು ಅಂಚಿನಿಂದ ತೋಯಿಸಿ ತೋಯಿಸಿ ಎತ್ತಿದ. ಭೂತಕನ್ನಡಿ ತಂದು ನೋಡಿದ. ಬೆರಳು ಮಡಚಿ ಎಣಿಸಿದ.

"ಎಂಟು ಓಗವೆ. ಮಿಕ್ಕಿದ್ದು ನಿಂತವೆ."

"ಎಂಟೇನಾ ತಾತಾ?"

"ಎಂಟು. ತಿರುಪ್ತಿನಾಗಾದ್ರೆ ಪೂರ್ತಿ ತಲೆ ಕೇಳ್ತಾನೆ. ಇಲ್ಲಿ ನಿನ್ ಮುಖ ನೋಡಿ ಎಂಟಕ್ಕೇ ಸಾಕು ಅಂದವ್ನೆ. ದೇವ್ರಿಗೂ ನಿನ್ ಕೂದ್ಲು ಅಂದ್ರೆ ಅಸಯ್ಯ ಕಣ್ಲಾ!" ಇಷ್ಟು ಹೇಳಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಬೀಡಿ ಹಚ್ಚಲು ನಾಲ್ಕು ಕಡ್ಡಿ ಗೀರಿದ. ಇದನ್ನು ಅಕ್ಕ ಆಮೇಲೆ ಹೇಳಿದಳು. ನಾನು ನೋಡಲಿಲ್ಲ; ನಾನು ತಟ್ಟೆಯಲ್ಲಿ ತಲೆ ನೋಡಿಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ಹಕ್ಕಳೆಯೆಲ್ಲ ಉದುರಿತು. ನಾನು ಬಂಗಾರಪೇಟೆಗೆ ಮರಳಿದೆ. ಹೊರಡುವಾಗ ಕಾಲಿಗೆ ಬೀಳಲು ಬಗ್ಗಿದರೆ, "ಬಗ್ಬ್ಯಾಡ ಅಂದಿಲ್ವಾ ಮೂದೇವಿ," ಎಂದು ಹಿಂದಕ್ಕೆ ಸರಿದ. ತಿಂಗಳೊಪ್ಪತ್ತಿನಲ್ಲಿ ನಾಟಿ ಮಾಡಿದ ಕೂದಲೆಲ್ಲ ದಿಂಬಿನ ಮೇಲೆ ಬಂತು. ಮುಂಚಿಗಿಂತ ಬೋಳಾದೆ. ಕ್ಲಿನಿಕ್ಕಿನ ಹುಡುಗಿ ನಾರ್ಮಲ್ ಎಂದಳು. ಅವಳ ಮಾತು ನಂಬಲಾರದೆ ಬಸ್ಸು ಹತ್ತಿ ತಾತನ ಹತ್ತಿರ ಓಡಿದೆ. ಹಿತ್ತಿಲಿನ ನುಗ್ಗೆಮರ ತೋರಿಸಿದ. "ಓದ್ ವರ್ಷ ಆಷಾಢದ ಗಾಳೀಗೆ ಬುಡಕ್ಕೇ ಮುರೀತು. ಈಗ ನೋಡು, ಸಾರಿಗೆ ಕಾಯಿ ಬಿಟ್ಟದೆ. ಮರಕ್ಕಿರೋ ಬುದ್ದಿ ನಿಂಗಿಲ್ಲ. ಬೇರು ಒಳಗದೆ. ಅದ್ರ ಪಾಡಿಗೆ ಅದ್ನ ಬಿಟ್ಟು ಪಾತ್ರೆ ಮಾರ್ಕೊ ಓಗು." ಆ ಮಾತಿನ ಮೇಲೆ ನಾಲ್ಕು ತಿಂಗಳು ಬದುಕಿದೆ. ಸಂಕ್ರಾಂತಿಯ ಹೊತ್ತಿಗೆ ಕೂದಲು ಹುಟ್ಟಿತು. ಹೋಗಿ ತೋರಿಸಬೇಕೆಂದುಕೊಂಡೆ. ಅಂಗಡಿ, ಮದುವೆಯ ಸೀಸನ್ನು, ಹೋಗಲಿಲ್ಲ.

ಯುಗಾದಿ ಕಳೆದ ವಾರ ಅಕ್ಕ ಫೋನು ಮಾಡಿದಳು. ತಾತ ಬೆಳಿಗ್ಗೆ ಏಳಲಿಲ್ಲ ಎಂದಳು.

ಹೋದೆ. ಕ್ಯಾಪು ಹಾಕಿರಲಿಲ್ಲ, ಹಾಕಿಕೊಳ್ಳುವ ಅಗತ್ಯವೇ ಇರಲಿಲ್ಲ. ಅಷ್ಟು ಚೆನ್ನಾಗಿ ಬಾಚುವಂತೆ ಬೆಳೆದಿತ್ತು. ಸ್ಮಶಾನದಲ್ಲಿ ಗುಂಡಿ ತೋಡಿ ಆಗಿತ್ತು. ಗಂಡು ಮಕ್ಕಳಿಲ್ಲದ ಹೆಣ. ನಮ್ಮ ಕಡೆ ಅಂಥವರಿಗೆ ಮಗನ ಜಾಗದಲ್ಲಿ ಯಾರಾದರೂ ಒಬ್ಬರು ನಿಂತು, ತಲೆ ಬೋಳಿಸಿಕೊಂಡು, ಮಡಕೆ ಹೊತ್ತು ಮೂರು ಸುತ್ತು ಬರಬೇಕು. ಅಳಿಯ ಆ ಶಾಸ್ತ್ರಕ್ಕೆ ಸಲ್ಲುವುದಿಲ್ಲ. ಕ್ಷೌರಿಕ ಕಲ್ಲಿನ ಮೇಲೆ ಕತ್ತಿ ಮಸೆಯುತ್ತ ಕಾದಿದ್ದ. ತಾತನ ಮಗಳು ನೇರ ನನ್ನ ಹತ್ತಿರ ಬಂದಳು.

"ತಮ್ಮಾ, ನಮ್ಮಪ್ಪ ನಿನ್ ಸುದ್ದೀನೇ ಏಳ್ತಿದ್ದ. ಒಂದ್ ಬೋಳು ತಲೇನ ಬೆಳೆ ತಗ್ಯೋ ಒಲ ಮಾಡ್ದೆ ಅಂತ ಲೈನೆಲ್ಲಾ ಏಳ್ಕೊಂಡು ಬರೋನು. ನೀನು ನಿಂತ್ಕೊಳ್ತೀಯಾ?"

ಬರುವ ಭಾನುವಾರ ಐದನೆಯ ಮನೆಗೆ ಹೋಗುವುದಿತ್ತು. ಮಗನ ಜಾಗದಲ್ಲಿ ನಿಂತರೆ ಹನ್ನೊಂದು ದಿನ ಸೂತಕ, ಮೇಲೆ ಬೋಳುತಲೆ. ಕತ್ತಿ ತಾಗಿದರೆ ಬೇರಿಗೆ ಏನೂ ಆಗುವುದಿಲ್ಲ, ಬೋಳಿಸಿದರೆ ಮೂರು ತಿಂಗಳಲ್ಲಿ ಮತ್ತೆ ಬರುತ್ತದೆ; ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಹೇಳಿತು:

"ಅಕ್ಕಾ, ಡಾಕ್ಟ್ರು ಒಂದು ವರ್ಷ ಬ್ಲೇಡು ಮುಟ್ಟಿಸ್ಬೇಡಿ ಅಂದವ್ರೆ."

ಅವಳು "ಔದಾ?" ಎಂದಳು, ಅಷ್ಟೇ. ಬೈಯಲಿಲ್ಲ. ಬೈಯುವ ಬಾಯಿ ಚಾಪೆಯ ಮೇಲೆ ಹತ್ತಿ ತುಂಬಿಸಿಕೊಂಡು ಮಲಗಿತ್ತು. ನಮ್ಮಕ್ಕ ನನ್ನನ್ನು ನೋಡಿದಳು. ಹೆಜ್ಜೆ ಸರಿಸಿ ನನ್ನಿಂದ ದೂರ ನಿಂತಳು.

ಗುಂಪಿನ ಹಿಂದಿನಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಗಣಿಯಲ್ಲಿ ದುಡಿದವನಂತೆ, ನಾನು ಅವನನ್ನು ನೋಡಿರಲಿಲ್ಲ. ತಲೆ ತುಂಬ ಬೆಳ್ಳಗಿನ ದಟ್ಟ ಕೂದಲು, ಕುರಿಯ ಉಣ್ಣೆಯ ಹಾಗೆ. ತಮಿಳು ಬೆರೆಸಿ, "ನಾನ್ ಉಕ್ಕಾರ್ತೀನಿ. ಯಾರ್ ಮಗನಾದ್ರೆ ಏನು," ಎಂದು ಕಲ್ಲಿನ ಮೇಲೆ ಕೂತು ತಲೆ ಬಗ್ಗಿಸಿದ. ಕ್ಷೌರಿಕ ನೀರು ತಟ್ಟಿ ಕತ್ತಿ ಎಳೆದ. ಬಿಳಿಯ ಕೂದಲು ಉಂಡೆ ಉಂಡೆಯಾಗಿ ಕೆಂಪು ಮಣ್ಣಿಗೆ ಬಿತ್ತು. ನೆತ್ತಿಯಿಂದ ಕಿವಿಯ ಹಿಂದಿನವರೆಗೆ ಒಂದು ಗೆರೆ ಎದ್ದು ಬಂತು. ಗೇಣುದ್ದದ ಹಳೆಯ ಗಾಯ. ಸೀರೆಯ ಅಂಚು ಹೊಲಿದ ಹಾಗೆ ಅಷ್ಟು ಸಮ, ಅಷ್ಟು ಸಣ್ಣ ಹೊಲಿಗೆ. ಕ್ಷೌರಿಕ ಕತ್ತಿ ನಿಲ್ಲಿಸಿ ಅದರ ಮೇಲೆ ಬೆರಳಾಡಿಸಿದ.

"ಯಾರ್ ತಾತಾ ಒಲ್ದಿದ್ದು?"

ಮುದುಕ ಚಾಪೆಯ ಕಡೆ ಗಲ್ಲ ಎತ್ತಿ ತೋರಿಸಿದ. "ಮೇಲ್ಗಡೆ ಕೂದ್ಲು ಬರುತ್ತೆ, ಯಾರ್ಗೂ ಕಾಣಲ್ಲ, ಆದ್ರೂ ನೆಟ್ಟಗೆ ಒಲೀಬೇಕು ಅಂದ್ಬಿಟ್ಟು ಎರಡು ಗಂಟೆ ಒಲ್ದಾ. ಅಷ್ಟೊತ್ತೂ ಬೈದಾ."

ಮಡಕೆ ಹೊತ್ತು ಆ ಮುದುಕ ಮೂರು ಸುತ್ತು ಬಂದ. ನಾನು ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿದೆ.

ಭಾನುವಾರ ಐದನೆಯ ಮನೆಗೆ ಹೋದೆವು. ಉಪ್ಪಿಟ್ಟು ಬಂತು, ಕಾಫಿ ಬಂತು. ಹುಡುಗಿಯ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಕ್ಕನ ಕಡೆ ಬಗ್ಗಿ, ನನಗೂ ಕೇಳಿಸುವ ಹಾಗೆ, "ಮೂವತ್ತೆಂಟು ಅಂದ್ರೆ ನಂಬಾಕೇ ಆಗಲ್ಲ ಕಣ್ರೀ. ಏನ್ ಕೂದ್ಲು!" ಎಂದಳು.

ಅಕ್ಕ ಲೋಟವನ್ನು ಕೆಳಗಿಟ್ಟು ಬಾಗಿಲಾಚೆ ನೋಡತೊಡಗಿದಳು.